ಗಂಡನ ಇಮೇಲಿಗೆ ಬಂದ ಪತ್ರಗಳು

ಒಬ್ಬ ಮನುಷ್ಯನ ಬೆರಳುಗಳನ್ನು ನಾನು ಕಾಗದಕ್ಕೆ ತೂತು ಹೊಡೆಯುವ ಯಂತ್ರದಿಂದ ಜಜ್ಜಿದ್ದೇನೆ. ಅದು ಪೊಲೀಸ್ ದಾಖಲೆಯಲ್ಲೂ ಇದೆ. ಎರಡು ಸಲ ಹೊಡೆದೆ. ಮೊದಲನೆಯದು ಬಾಗಿಲು ಉಳಿಸಿಕೊಳ್ಳಲು, ಎರಡನೆಯದು ಸಿಟ್ಟಿಗೆ. ಹೇಳಿಕೆ ಬರೆದುಕೊಂಡ ಪೊಲೀಸಮ್ಮನಿಗೂ ಹೀಗೆಯೇ ಹೇಳಿದೆ. ಆಕೆ ಪೆನ್ನು ನಿಲ್ಲಿಸಿ ಒಮ್ಮೆ ನನ್ನ ಮುಖ ನೋಡಿ, ಮತ್ತೆ ಬರೆದುಕೊಂಡಳು.

ನಮ್ಮ ಸಲಹಾ ಕೇಂದ್ರ ಪಶ್ಚಿಮ ಲಂಡನ್ನಿನ ಹೇಸ್‌ನಲ್ಲಿ, ಸ್ಟೇಷನ್ನಿಗೆ ಐದು ನಿಮಿಷದ ದಾರಿ, ಒಂದು ದಿನಸಿ ಅಂಗಡಿಯ ಮೇಲೆ. ಮೂರು ಮೇಜು, ಒಂದು ಒಳಕೋಣೆ, ಅರ್ಧ ಗಾಜಿನ ಒಂದು ಮುಂಬಾಗಿಲು. ನಾನು ವೀಸಾ ಅರ್ಜಿಗಳ ನೋಂದಾಯಿತ ಸಲಹೆಗಾರ್ತಿ. ನನ್ನ ಮೇಲೆ ಒಬ್ಬ ಹಿರಿಯ ವಕೀಲೆ, ಪಂಜಾಬಿನ ಕಡೆಯವರು, ನಿವೃತ್ತಿಯ ವಯಸ್ಸು ದಾಟಿದರೂ ನಿವೃತ್ತಿಯ ಮಾತೆತ್ತಿದರೆ ಉರಿದು ಬೀಳುವವರು. ಅವರು ತಮ್ಮ ಕೈಯಿಂದಲೇ ಬರೆದು ಗೋಡೆಗೆ ಅಂಟಿಸಿದ ನಿಯಮ ಒಂದೇ: ಕಕ್ಷಿದಾರರ ವಿಷಯ ಕಕ್ಷಿದಾರರಿಗೆ ಮಾತ್ರ.

ಆ ಗಂಡ ಹೆಂಡತಿ ಬಂದದ್ದು ಚಳಿ ಶುರುವಾದ ಮೇಲೆ. ಜೊತೆಗೆ ಐದು ವರ್ಷದ ಮಗಳು. ಇಬ್ಬರೂ ಕುಂದಾಪುರದ ಕಡೆಯವರು. ಗಂಡ ಬಹಳ ಹಿಂದೆಯೇ ಬಂದು ಬ್ರಿಟಿಷ್ ಪೌರನಾದವನು, ಒಂದು ರೆಸ್ಟೋರೆಂಟಿನಲ್ಲಿ ಮುಖ್ಯ ಬಾಣಸಿಗ. ಹೆಂಡತಿ ಮದುವೆಯ ವೀಸಾದಲ್ಲಿ ಬಂದವಳು, ವಿಮಾನದ ಊಟ ಕಟ್ಟುವ ಗೋದಾಮಿನಲ್ಲಿ ಕೆಲಸ. ಮದುವೆಯಾಗಿ ಬಂದವರಿಗೆ ಐದು ವರ್ಷ ಕೂಡಿ ಬಾಳಿದ ಮೇಲೆ ಕಾಯಂ ವಾಸದ ಅನುಮತಿ ಸಿಗುತ್ತದೆ. ನಮ್ಮವರ ಬಾಯಲ್ಲಿ ಅದು ಪಿಆರ್. ಗಂಡನೇ ಮನೆಯಲ್ಲಿ ಕೂತು ಆನ್‌ಲೈನಿನಲ್ಲಿ ಅರ್ಜಿ ತುಂಬಿಸಿ ಏಳು ತಿಂಗಳಾಗಿತ್ತು. ಉತ್ತರ ಇಲ್ಲ.

"ಅಕ್ಕ, ಏಳ್ ತಿಂಗ್ಳ್ ಆಯ್ತ್ ಕಾಣಿ. ಇವ್ರಿಗೆ ಮನುಷ್ಯತ್ವ ಅಂಬುದ್ ಇತ್ತಾ?" ಎಂದ ಗಂಡ.

ಲಂಡನ್ನಿನಲ್ಲಿ ಕುಂದಾಪುರದ ಮಾತು ಕೇಳಿದರೆ ನಾನು ಕರಗಿ ನೀರಾಗುತ್ತೇನೆ, ನನ್ನ ತವರೂ ಆ ಕಡೆಯೇ. ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡೆ. ಪ್ರಶ್ನೆಗಳೆಲ್ಲ ಅವನಿಗೆ. ಫೈಲಿನ ಮೊದಲ ಪುಟದಲ್ಲಿ ಅವನ ಫೋನ್ ನಂಬರು, ಅವನ ಇಮೇಲು. ಅರ್ಜಿದಾರಳು ಅವಳು, ಅರ್ಜಿಯಲ್ಲಿ ಅವಳ ಹೆಸರು, ಕಳೆದುಕೊಳ್ಳುವುದೇನಾದರೂ ಇದ್ದರೆ ಅದೂ ಅವಳದೇ. ಆದರೂ ಮನೆಯ ಯಜಮಾನನನ್ನು ಬಿಟ್ಟು ಹೆಂಡತಿಯನ್ನು ಮಾತಾಡಿಸುವುದು ಮರ್ಯಾದೆಯಲ್ಲ ಎಂಬ ನಮ್ಮೂರ ಬುದ್ಧಿ ನನ್ನ ಕೈಯಿಂದ ಹಾಗೆ ಬರೆಸಿತು. ಹೀಟರ್ ಧಗಧಗ ಉರಿಯುತ್ತಿದ್ದರೂ ಅವಳು ಕುತ್ತಿಗೆಯ ಶಾಲು ತೆಗೆಯಲಿಲ್ಲ. ಚಳಿ ತಡೆಯದ ಹುಡುಗಿ ಅಂದುಕೊಂಡೆ. ಹದಿನೆಂಟು ವರ್ಷದ ಅನುಭವಕ್ಕೆ ಅಷ್ಟೇ ಹೊಳೆದದ್ದು.

ಅಲ್ಲಿಂದ ಐದು ತಿಂಗಳು ನಾನು ವೀಸಾ ತೀರ್ಮಾನಿಸುವ ಗೃಹ ಇಲಾಖೆಗೆ ಪತ್ರ ಬರೆದೆ. ಪ್ರತಿ ಸಲವೂ ಒಂದೇ ಉತ್ತರ, ಪರಿಶೀಲನೆಯಲ್ಲಿದೆ. ಪ್ರತಿ ತಿಂಗಳೂ ಗಂಡನಿಗೆ ಫೋನ್ ಮಾಡಿ, ನಿಮ್ಮ ಇಮೇಲಿಗೆ ಏನಾದರೂ ಬಂತಾ ಎಂದು ಕೇಳುತ್ತಿದ್ದೆ. "ಎಂತದೂ ಬರ್ಲಿಲ್ಲ ಅಕ್ಕ" ಎನ್ನುತ್ತಿದ್ದ. ಪಾಪ, ಎಷ್ಟು ತಾಳ್ಮೆಯ ಮನುಷ್ಯ ಎಂದು ಹಿರಿಯ ವಕೀಲೆಯ ಹತ್ತಿರ ಹೊಗಳಿದ್ದೂ ಉಂಟು.

ಮಧ್ಯದಲ್ಲಿ ಅವಳೊಬ್ಬಳೇ ಎರಡು ಸಲ ಬಂದಳು. ಮೊದಲ ಸಲ ಗೋದಾಮಿನವರು ಅವಳ ಪಾಳಿ ನಿಲ್ಲಿಸಿದ್ದರು. ಹಳೆಯ ವೀಸಾದ ದಿನಾಂಕ ಮುಗಿದಿದೆ, ಕೆಲಸ ಕೊಟ್ಟರೆ ದಂಡ ಬೀಳುತ್ತದೆ ಎಂಬ ಭಯ ಅವರಿಗೆ. ದಿನಾಂಕ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ ತೀರ್ಮಾನ ಬರುವ ತನಕ ಹಳೆಯ ಹಕ್ಕುಗಳೇ ಮುಂದುವರಿಯುತ್ತವೆ. ಆ ಕಾನೂನಿನ ಕಲಮು ಹಾಕಿ ಗೋದಾಮಿಗೆ ಪತ್ರ ಬರೆದೆ. ಮೂರು ವಾರದ ಮೇಲೆ ಕೆಲಸಕ್ಕೆ ಕರೆದರು. ಆ ದಿನ ಏಳುವ ಮೊದಲು ಅವಳು ಕೇಳಿದಳು.

"ಅಕ್ಕ, ಮನೆಯಗೆ ಒಂಚೂರ್ ಕಷ್ಟ ಇತ್ತ್. ನಾನೂ ಮಗ್ಳೂ ಬೇರೆ ರೂಮ್ ಮಾಡ್ಕಂಡ್ರೆ ಆತ್ತಾ?"

"ಅಯ್ಯೋ, ಅರ್ಜಿ ಮುಗಿಯುವ ತನಕ ವಿಳಾಸ ಬದಲಾಯಿಸಬೇಡ ಮಾರಾಯ್ತಿ. ಒಟ್ಟಿಗೆ ಇದ್ದೀರಿ ಅಂತಲೇ ಅವರು ನೋಡುವುದು. ಇಬ್ಬರ ಹೆಸರಲ್ಲೂ ಒಂದೇ ವಿಳಾಸಕ್ಕೆ ಕಾಗದ ಬರುತ್ತಿರಬೇಕು."

ಕಾನೂನಿನ ಪ್ರಕಾರ ನನ್ನ ಮಾತು ಸರಿ. ಕಷ್ಟ ಎಂದರೆ ಏನು ಕಷ್ಟ ಎಂದು ನಾನು ಕೇಳಲಿಲ್ಲ. ನಾಲ್ಕು ಅಕ್ಷರದ ಪ್ರಶ್ನೆ ಅದು. ಹೊರಗೆ ಇನ್ನೂ ಆರು ಜನ ಕಾದಿದ್ದರು. ಅವಳು ತಲೆಯಾಡಿಸಿ ಆ ಮನೆಗೇ ವಾಪಸು ಹೋದಳು.

ಎರಡನೆಯ ಸಲ ಸಹಿ ಹಾಕಲು ಬಂದಳು. ಅರ್ಜಿ ಹಾಕಿ ಹನ್ನೊಂದು ತಿಂಗಳಾಗಿತ್ತು, ಆ ಭಾಗದ ಸಂಸದರ ಕಚೇರಿಯಿಂದ ಇಲಾಖೆಗೆ ವಿಚಾರಿಸುವುದು ಎಂದು ತೀರ್ಮಾನಿಸಿದ್ದೆವು. ಅದಕ್ಕೆ ಅರ್ಜಿದಾರಳ ಒಪ್ಪಿಗೆ ಪತ್ರ ಬೇಕು. ಉತ್ತರ ನಮ್ಮ ಕೇಂದ್ರಕ್ಕೇ ಬರಲಿ ಎಂದು ಬರೆದೆವು. ಸಹಿ ಹಾಕುವಾಗ ಅವಳ ಅಂಗಿಯ ತೋಳು ಮೇಲೆ ಸರಿಯಿತು. ಮುಂಗೈಯಿಂದ ಮೊಣಕೈ ತನಕ ಚರ್ಮ ಸುಲಿದು ಹಸಿಯಾಗಿತ್ತು, ಅಂಚು ಬಿಲ್ಲಿನ ಹಾಗೆ ಬಾಗಿತ್ತು.

"ದೋಸೆ ಕಾವಲಿ ತಾಗಿತ್ತ್ ಅಕ್ಕ" ಎಂದಳು, ನಾನು ಕೇಳುವ ಮೊದಲೇ.

ಕಾವಲಿಗೆ ಕೈ ತಾಗಿದರೆ ಬೊಬ್ಬೆ ಬರುವುದು ಬೆರಳಿಗೆ. ಇದು ಕಾವಲಿಯ ಮೇಲೆ ಕೈ ಇಟ್ಟು ಒತ್ತಿ ಹಿಡಿದದ್ದು. ಅದು ನನಗೆ ಆ ಕ್ಷಣವೇ ಗೊತ್ತಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ ಫೈಲಿನಲ್ಲಿ ಒಂದು ಸಾಲು ಬರೆಯಲಿಲ್ಲ. ಸಂಸಾರದ ವಿಷಯ, ಅವಳೇ ಹೇಳಲಿ ಅಂದುಕೊಂಡೆ. ಹೇಡಿತನಕ್ಕೆ ನಾನು ಸಭ್ಯತೆಯ ಅಂಗಿ ತೊಡಿಸಿದ್ದು ಹೀಗೆ.

ಸಂಸದರ ಕಚೇರಿಯ ಉತ್ತರ ಒಂದು ಮಂಗಳವಾರ ಮಧ್ಯಾಹ್ನ ಬಂತು. ಒಂದೇ ಪುಟ. ಇಲಾಖೆಯವರು ಅರ್ಜಿಯಲ್ಲಿ ಕೊಟ್ಟ ಇಮೇಲಿಗೆ ಎರಡು ಸಲ ಬರೆದು, ಜೊತೆಯಲ್ಲಿ ವಾಸವಿರುವುದಕ್ಕೆ ಹೆಚ್ಚಿನ ದಾಖಲೆ ಕೇಳಿದ್ದಾರೆ. ಎರಡು ಸಲವೂ ಉತ್ತರ ಬಂದಿಲ್ಲ. ಇನ್ನು ಹತ್ತು ಕೆಲಸದ ದಿನಗಳಲ್ಲಿ ದಾಖಲೆ ಬರದಿದ್ದರೆ ಇದ್ದದ್ದರ ಮೇಲೆಯೇ ತೀರ್ಮಾನ. ತೀರ್ಮಾನ ಎಂದರೆ ತಿರಸ್ಕಾರ. ತಿರಸ್ಕಾರ ಎಂದರೆ ಅವಳು ದೇಶ ಬಿಡಬೇಕು. ಮಗಳು ಇಲ್ಲಿ ಹುಟ್ಟಿದ ಬ್ರಿಟಿಷ್ ಪ್ರಜೆ. ಮಗು ಅಪ್ಪನ ಹತ್ತಿರ, ತಾಯಿ ವಿಮಾನದಲ್ಲಿ.

ತಡ ಮಾಡಿದ್ದು ಇಲಾಖೆಯಲ್ಲ. ಪತ್ರಗಳನ್ನು ನುಂಗಿ ಕೂತವನು ಗಂಡ. ಐದು ಸಲ ನನ್ನ ಕಿವಿಗೆ ಸಕ್ಕರೆ ಹಾಕಿ, ಎಂತದೂ ಬರ್ಲಿಲ್ಲ ಎಂದಿದ್ದ. ನನ್ನ ಮೈಯೆಲ್ಲ ಉರಿಯಿತು. ಅವಳ ಮೊಬೈಲಿಗೆ ಮಾಡಿದೆ, ಬಂದ್ ಆಗಿತ್ತು. ಪಾಳಿಯಲ್ಲಿ ಫೋನ್ ಒಳಗೆ ಬಿಡುವುದಿಲ್ಲ, ಅದು ನನಗೆ ಗೊತ್ತಿದ್ದ ವಿಷಯ. ಸಂಜೆ ಆರರ ತನಕ ಕಾಯಬಹುದಿತ್ತು. ನಾನು ಫೈಲಿನ ಮೊದಲ ಪುಟ ತೆರೆದು ಅಲ್ಲಿದ್ದ ನಂಬರು ಒತ್ತಿದೆ. ಗೋಡೆಯ ನಿಯಮ ನನ್ನ ಎದುರಿಗೇ ಇತ್ತು.

"ಹ್ವಾಯ್ ಅಕ್ಕ, ಆರಾಮಾ? ಎಂತ ವಿಶೇಷ?"

"ಮನೆಯವ್ಳ್ ಇದ್ಲಾ?"

"ಡ್ಯೂಟಿಗೆ ಹೋಯ್ದಾಳೆ. ನಂಗೇ ಹೇಳಿ."

ನಮ್ಮ ಕಡೆ ಹೆಂಡತಿಯನ್ನು ಕೇಳಿ ಫೋನ್ ಮಾಡಿ, ಗಂಡನಿಗೆ ಕಾರಣ ಹೇಳದೆ ಇಡುವುದು ಅವಮಾನ ಮಾಡಿದ ಹಾಗೆ. ಅವನು ಮೋಸಗಾರ ಎಂದು ಗೊತ್ತಾದ ಮೇಲೂ ಆ ಸಂಕೋಚ ನನ್ನ ನಾಲಿಗೆಯನ್ನು ಬಿಡಲಿಲ್ಲ.

"ಎಂತ ಇಲ್ಲ, ಸಂಸದರ ಕಚೇರಿಯಿಂದ ಒಂದು ಪತ್ರ ಬಂದಿತ್ತ್. ಇಲಾಖೆಯವ್ರ್ ಮೊದ್ಲೇ ಬರ್ದಿದ್ರ್ ಅಂಬ್ರ್. ಅವ್ಳಿಗೆ ನಂಗೆ ಫೋನ್ ಮಾಡುಕೆ ಹೇಳಿ."

"ಅಡ್ಡಿಲ್ಲ ಅಕ್ಕ, ಹೇಳ್ತೆ" ಎಂದ.

ಫೋನ್ ಇಟ್ಟ ಕೂಡಲೇ ಮಾಡಿದ ತಪ್ಪು ತಿಳಿಯಿತು. ಹಿರಿಯ ವಕೀಲೆ ಪಕ್ಕದ ಮೇಜಿನಲ್ಲೇ ಇದ್ದರು. ಎದ್ದು ಹೇಳಿದ್ದರೆ ಅವರು ಗೋದಾಮಿಗೆ ಫೋನ್ ಮಾಡಿ ಅವಳನ್ನು ತಡೆಯುತ್ತಿದ್ದರು, ಪೊಲೀಸರಿಗೆ ತಿಳಿಸುತ್ತಿದ್ದರು. ನಾನು ಹೇಳಲಿಲ್ಲ. ಕರೆಯನ್ನು ಫೈಲಿನಲ್ಲಿ ದಾಖಲಿಸಲೂ ಇಲ್ಲ. ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಸ್ಸು ಹತ್ತಿ ಮನೆಗೆ ಹೋದೆ.

ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದರೆ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಶಾಲೆಯ ಚೀಲ ಹಾಕಿಕೊಂಡ ಮಗಳು. ಶಾಲೆಗೆ ಬಿಡುವ ನೆಪದಲ್ಲಿ ಹೊರಬಿದ್ದವಳು ಶಾಲೆಯ ಎದುರಿನಿಂದಲೇ ಹಾದು ಇಲ್ಲಿಗೆ ಬಂದಿದ್ದಳು. ಎಡಗೈಯ ಮಣಿಕಟ್ಟು ಊದಿ ನೇರಳೆಯಾಗಿ, ಕೈ ಬೇರೆಯವರದೇನೋ ಎಂಬಂತೆ ಜೋತಾಡುತ್ತಿತ್ತು. ಶಾಲು ಇರಲಿಲ್ಲ. ಕುತ್ತಿಗೆಯ ಸುತ್ತ ಕರಿಮಣಿಯ ಒಂದೊಂದು ಮಣಿಯೂ ಎಣಿಸುವ ಹಾಗೆ ಅಚ್ಚೊತ್ತಿತ್ತು. ಸರವನ್ನು ಹಿಂದಿನಿಂದ ಹಿಡಿದು ತಿರುಪಿದ್ದಾನೆ. ಅದು ಕಡಿಯಿತು, ಅದಕ್ಕೇ ಅವಳು ಬದುಕಿದಳು. ಆಮೇಲೆ ಅಡುಗೆಮನೆಯ ಬಾಗಿಲ ಸಂದಿಗೆ ಅವಳ ಕೈ ಇಟ್ಟು ಬಾಗಿಲನ್ನು ಒದ್ದಿದ್ದಾನೆ. ಎರಡು ಸಲ.

"ಪಿಆರ್ ಬಪ್ಪು ತನ್ಕ ನಿನ್ ಜೀವ ನನ್ ಕೈಯಗೆ ಇತ್ತ್ ಅಂದ್ರ್ ಅಕ್ಕ" ಎಂದಳು. "ಮಗಿ ನೋಡ್ತಾ ಇದ್ದಿತ್ತ್."

ಹಿರಿಯ ವಕೀಲೆ ಆಂಬುಲೆನ್ಸಿಗೂ ಪೊಲೀಸರಿಗೂ ಫೋನ್ ಮಾಡಿದರು. ತಾಯಿ ಮಗಳನ್ನು ಒಳಕೋಣೆಯಲ್ಲಿ ಕೂರಿಸಿ ಮುಂಬಾಗಿಲಿಗೆ ಚಿಲಕ ಹಾಕಿದೆ. ಯಾರಿಗಿಂತಲೂ ಮೊದಲು ಬಂದವನು ಗಂಡ. ಮಗು ಬಂದಿಲ್ಲ ಎಂದು ಶಾಲೆಯವರು ಅವನಿಗೆ ಫೋನ್ ಮಾಡಿದ್ದರಂತೆ. ಮೆಟ್ಟಿಲ ಬುಡದಲ್ಲಿದ್ದ ಬೆಂಕಿ ನಂದಿಸುವ ಸಿಲಿಂಡರು ಅವನ ಕೈಯಲ್ಲಿತ್ತು. ಮೊದಲ ಏಟಿಗೆ ಗಾಜು ಬಿರಿಯಿತು, ಎರಡನೆಯದಕ್ಕೆ ಒಳಗೆ ಸುರಿಯಿತು. ಅಕ್ಕ ಎಂದು ಕರೆಯುತ್ತಿದ್ದ ಬಾಯಿಯಿಂದ ನಾನು ಕೇಳಿದ ಮಾತುಗಳನ್ನು ಬರೆಯಲಾರೆ. ಒಡೆದ ಗಾಜಿನೊಳಗೆ ಕೈ ತೂರಿಸಿ ಚಿಲಕ ಹುಡುಕತೊಡಗಿದ. ಮುಂಗೈ ಕುಯ್ದು ರಕ್ತ ಬಾಗಿಲ ಮೇಲೆ ಇಳಿಯುತ್ತಿದ್ದರೂ ಅವನ ಬೆರಳು ನಿಲ್ಲಲಿಲ್ಲ. ನನ್ನ ಮೇಜಿನ ಮೇಲಿದ್ದ ಆ ಯಂತ್ರ ಕಬ್ಬಿಣದ್ದು, ದಪ್ಪ ಫೈಲುಗಳಿಗೆ ತೂತು ಹೊಡೆಯುವಂಥದ್ದು. ಎರಡೂ ಕೈಯಲ್ಲಿ ಎತ್ತಿ ಚಿಲಕದ ಮೇಲಿದ್ದ ಬೆರಳುಗಳ ಮೇಲೆ ಹಾಕಿದೆ. ಕೈ ಹಿಂದೆಳೆಯುವ ಮೊದಲು ಇನ್ನೊಮ್ಮೆ ಹಾಕಿದೆ. ಅವನ ಕೂಗು ಕೇಳಿ ನನಗೆ ಸಂತೋಷವಾಯಿತು.

ಒಳಕೋಣೆಯಿಂದ ಮಗು ತಾಯಿಯನ್ನು ಇಂಗ್ಲಿಷಿನಲ್ಲಿ ಕೇಳುತ್ತಿತ್ತು, ಡ್ಯಾಡಿಗೆ ಬಾಗಿಲ ಮೇಲೆ ಯಾಕೆ ಕೋಪ ಎಂದು. ತಾಯಿ ಕನ್ನಡದಲ್ಲಿ ಏನೋ ಹೇಳಿ ಸುಮ್ಮನಾಗಿಸಿದಳು.

ಪೊಲೀಸರು ಅವನನ್ನು ಮೆಟ್ಟಿಲ ಮೇಲೆಯೇ ಹಿಡಿದರು. ಆಸ್ಪತ್ರೆಯಲ್ಲಿ ಅವಳ ಮಣಿಕಟ್ಟಿಗೆ ಲೋಹದ ಪಟ್ಟಿ ಹಾಕಿದರು. ಅಲ್ಲಿಂದಲೇ ತಾಯಿ ಮಗಳನ್ನು ಆಶ್ರಯ ಮನೆಗೆ ಕಳಿಸಿದರು, ಯಾವ ಊರು ಎಂದು ನಮಗೂ ಹೇಳಲಿಲ್ಲ. ನನ್ನ ಹೇಳಿಕೆಯಲ್ಲಿ ಬಾಗಿಲು, ಗಾಜು, ಬೆರಳು ಎಲ್ಲ ಇತ್ತು. ಅವನಿಗೆ ಸಿಟ್ಟು ಯಾಕೆ ಬಂತು ಎಂದು ಕೇಳಿದಾಗ, ಅರ್ಜಿಯ ವಿಷಯಕ್ಕೆ ಎಂದಷ್ಟೇ ಹೇಳಿದೆ. ಫೋನ್ ಕರೆಯ ಮಾತು ಹೇಳಲಿಲ್ಲ.

ಇನ್ನು ಎಂಟು ಕೆಲಸದ ದಿನ ಉಳಿದಿತ್ತು. ಮಾಡಬೇಕಾದದ್ದು ಸ್ಪಷ್ಟ. ಹಿಂಸೆಯಿಂದಾಗಿ ಮದುವೆ ಮುರಿದರೆ ಸಂಗಾತಿಗೆ ಅವಳ ಸ್ವಂತ ಹಕ್ಕಿನಲ್ಲೇ ಕಾಯಂ ವಾಸ ಕೊಡುವ ದಾರಿ ಇದೆ. ಮದುವೆಯ ಹೆಸರಲ್ಲಿ ಬಾಕಿ ಇರುವ ಅರ್ಜಿಯನ್ನು, ತೀರ್ಮಾನ ಬರುವ ಮೊದಲೇ ಆ ದಾರಿಗೆ ಬದಲಿಸಿಕೊಳ್ಳಬಹುದು. ಬದಲಿಸುವ ಮೊದಲು ತಿರಸ್ಕಾರ ಬಂದರೆ ಕಾನೂನಿನ ಆಸರೆಯೇ ತಪ್ಪುತ್ತದೆ. ಆದರೆ ಹಿಂಸೆ ನಡೆದದ್ದಕ್ಕೆ ಪುರಾವೆ ಬೇಕು. ಅವಳ ಜಿಪಿಯ, ಅಂದರೆ ಕುಟುಂಬ ವೈದ್ಯರ, ದಾಖಲೆ ತರಿಸಿದೆವು. ಐದು ವರ್ಷದಲ್ಲಿ ನಾಲ್ಕು ಗಾಯ. ಸ್ನಾನದ ಮನೆಯಲ್ಲಿ ಜಾರಿದ್ದು, ಬಾಗಿಲು ಬಡಿದದ್ದು, ಮತ್ತೆ ಜಾರಿದ್ದು, ಅಡುಗೆ ಮಾಡುವಾಗ ಸುಟ್ಟದ್ದು. ಪ್ರತಿಯೊಂದರ ಕೊನೆಯಲ್ಲೂ ಒಂದೇ ಟಿಪ್ಪಣಿ, ಪತಿ ಭಾಷಾಂತರಿಸಿದರು.

ನಾಲ್ಕನೆಯ ದಿನ ತನಿಖಾಧಿಕಾರಿ ಫೋನ್ ಮಾಡಿದರು. ಗಂಡನ ವಾದ ಹೀಗಿತ್ತು: ಹೆಂಡತಿ ಮೆಟ್ಟಿಲಿನಿಂದ ಬಿದ್ದಳು. ಇಲಾಖೆಯ ಇಮೇಲುಗಳನ್ನು ಅವನು ನೋಡಿಯೇ ಇಲ್ಲ. ಸಂಸದರ ಪತ್ರದ ಸುದ್ದಿ ಪೊಲೀಸರು ಹೇಳುವ ತನಕ ಅವನಿಗೆ ಗೊತ್ತೇ ಇರಲಿಲ್ಲ. ಅರ್ಜಿ ಬೀಳುತ್ತದೆ ಎಂದು ಹೆಂಡತಿಗೆ ಮಂಗಳವಾರ ಈ ಕೇಂದ್ರದಿಂದಲೇ ತಿಳಿಯಿತು, ಬುಧವಾರ ಹೊಡೆತದ ಕಥೆ ಹುಟ್ಟಿತು. ಆಫೀಸಿಗೆ ಅವನು ಬಂದದ್ದು ಮಗುವನ್ನು ಎಲ್ಲಿಗೋ ಸಾಗಿಸುತ್ತಾರೆ ಎಂಬ ದಿಗಿಲಿಗೆ.

ಹಿರಿಯ ವಕೀಲೆ ಫೋನ್ ಇಟ್ಟು ಹೇಳಿದರು, "ಇಲಾಖೆಯವರೂ ಇದನ್ನೇ ಕೇಳುತ್ತಾರೆ. ಐದು ತಿಂಗಳು ನಮ್ಮ ಫೈಲಿನಲ್ಲಿ ಹಿಂಸೆಯ ಒಂದು ಅಕ್ಷರ ಇಲ್ಲ. ಪತ್ರ ಬಂದ ಮರುದಿನವೇ ಎಲ್ಲ ಇದೆ. ಪತ್ರದ ವಿಷಯ ಅವನಿಗೆ ಗೊತ್ತಿತ್ತು ಎಂದು ತೋರಿಸುವವರು ಯಾರೂ ಇಲ್ಲ."

ಅದನ್ನು ತೋರಿಸುವವಳು ಅವರ ಎದುರೇ ನಿಂತಿದ್ದಳು. ಬಾಯಿಬಿಟ್ಟರೆ ನನ್ನ ನೋಂದಣಿ ಹೋಗಬಹುದು. ಕಕ್ಷಿದಾರಳ ಗುಟ್ಟನ್ನು ಅವಳನ್ನು ಹೊಡೆಯುವವನಿಗೇ ಹೇಳಿದ ಸಲಹೆಗಾರ್ತಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಬಾಯಿಮುಚ್ಚಿಕೊಂಡರೆ ಅವಳಿಗೆ ಮಗಳು ಕೈತಪ್ಪುತ್ತಾಳೆ. ಇಷ್ಟು ಸುಲಭದ ಲೆಕ್ಕಕ್ಕೆ ನನಗೆ ನಾಲ್ಕು ದಿನ ಬೇಕಾಯಿತು ಎಂಬುದೇ ನಾಚಿಕೆ.

"ನಾನೇ ಫೋನ್ ಮಾಡಿ ಅವನಿಗೆ ಹೇಳಿದೆ" ಎಂದೆ.

ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

"ಅವನು ಪೋಲೆಂಡಿನವನಾಗಿದ್ದರೆ ಫೋನ್ ಮಾಡುತ್ತಿದ್ದೆಯಾ?"

"ಇಲ್ಲ."

"ಮತ್ತೆ?"

"ನಮ್ಮೂರಿನವನು."

ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಎಸೆದರು. "ಅವಳ ಕೈಯ ಎಕ್ಸ್‌ರೇ ನೋಡಿದ್ದೀಯಾ? ನೋಡು. ನೋಡಿ ಆದ ಮೇಲೆ ಬರೆ. ಒಂದು ಮಾತೂ ಬಿಡಬೇಡ. ಇವತ್ತಿನಿಂದ ನೀನು ಸಾಕ್ಷಿ, ಈ ಫೈಲು ಮುಟ್ಟುವ ಹಾಗಿಲ್ಲ. ಸಲಹೆಗಾರರ ನೋಂದಣಿ ನೋಡುವ ಮೇಲಿನವರಿಗೆ ನಿನ್ನ ಮೇಲೆ ವರದಿ ನಾನೇ ಕಳಿಸುತ್ತೇನೆ."

ಆರು ಪುಟ ಬರೆದೆ. ಶಾಲು, ಬೇರೆ ರೂಮಿನ ಪ್ರಶ್ನೆ, ನಾನು ಕೊಟ್ಟ ಉತ್ತರ, ಕಾವಲಿಯ ಗಾಯ, ಐದು ಸಲದ ಎಂತದೂ ಬರ್ಲಿಲ್ಲ, ಮಂಗಳವಾರದ ಕರೆಯ ಒಂದೊಂದು ಮಾತು. ಕನ್ನಡದಲ್ಲಿ ಆಡಿದ್ದನ್ನು ಕನ್ನಡದಲ್ಲೇ ಬರೆದು, ಕೆಳಗೆ ಇಂಗ್ಲಿಷ್ ಅನುವಾದ. ಆಫೀಸಿನ ಫೋನಿನ ದಾಖಲೆಯಲ್ಲಿ ಕರೆಯ ಹೊತ್ತು ಇತ್ತು. ಹಿರಿಯ ವಕೀಲೆ ಜಿಪಿಗೂ ಬರೆದು, ಐದು ವರ್ಷದಲ್ಲಿ ಒಮ್ಮೆಯೂ ಅವಳನ್ನು ಒಬ್ಬಳನ್ನೇ ನೋಡಿಲ್ಲ ಎಂಬ ಪತ್ರ ತರಿಸಿಕೊಂಡರು. ಕೊಟ್ಟ ಹತ್ತು ದಿನದಲ್ಲಿ ಒಂಬತ್ತನೆಯ ದಿನ ಸಂಜೆ ನಾಲ್ಕಕ್ಕೆ ಅರ್ಜಿ ಬದಲಿಸಿ ಕಳಿಸಿದರು. ನಾನು ಪಕ್ಕದ ಮೇಜಿನಲ್ಲಿ ಬೇರೆ ಯಾರದೋ ವೀಸಾ ನೋಡುತ್ತಾ ಕೂತಿದ್ದೆ. ಆ ದಿನ ನಾನು ಏನು ಓದಿದೆನೋ ನನಗೆ ನೆನಪಿಲ್ಲ.

ನನ್ನ ಹೇಳಿಕೆ ತಲುಪಿದ ಮೇಲೆ ಗಂಡನ ವಕೀಲರು ಮೆಟ್ಟಿಲಿನ ಕಥೆ ಬಿಟ್ಟರು. ಕೋರ್ಟಿನಲ್ಲಿ ಅವನು ತಪ್ಪೊಪ್ಪಿಕೊಂಡ. ನನಗೆ ಲಿಖಿತ ಎಚ್ಚರಿಕೆ ಬಂತು. ಆರು ತಿಂಗಳು ಯಾವ ಫೈಲನ್ನೂ ಸ್ವತಂತ್ರವಾಗಿ ನೋಡುವ ಹಾಗಿಲ್ಲ, ಪ್ರತಿ ಕರೆಗೂ ಪಕ್ಕದಲ್ಲಿ ಇನ್ನೊಬ್ಬರು ಇರಬೇಕು ಎಂದರು. ಅಷ್ಟಕ್ಕೇ ಬಿಟ್ಟರಲ್ಲ ಎಂದು ನನಗೇ ಅಸಹ್ಯವಾಯಿತು.

ಐದು ತಿಂಗಳ ಮೇಲೆ ಅವಳಿಗೆ ಕಾಯಂ ವಾಸ ಮಂಜೂರಾಯಿತು. ಅವಳ ಹೆಸರಿಗೆ, ಅವಳ ಇಮೇಲಿಗೆ. ಫೈಲಿನ ಪ್ರತಿ ತೆಗೆದುಕೊಂಡು ಹೋಗಲು ಒಂದು ಮಧ್ಯಾಹ್ನ ಬಂದಳು. ಹಿರಿಯ ವಕೀಲೆ ಒಳಕೋಣೆ ಬಿಟ್ಟುಕೊಟ್ಟರು. ಎದುರು ಕೂತು, ನಾನು ವಾರಗಟ್ಟಲೆ ಹೊಂದಿಸಿಕೊಂಡಿದ್ದ ಮಾತನ್ನು ಶುರುಮಾಡಿದೆ.

"ನಿಂಗೆ ಒಂದು ವಿಷಯ ಹೇಳ್ಕ್. ಆ ಮಂಗಳವಾರ ಅವ್ನಿಗೆ ಫೋನ್ ಮಾಡಿದ್ದ್..."

"ಗೊತ್ತಿತ್ತ್ ಅಕ್ಕ."

"ಫೈಲಿನಲ್ಲಿ ಓದಿದ್ಯಾ?"

"ಇಲ್ಲ. ಕುತ್ತಿಗೆ ಹಿಡ್ದಾಗ್ಳೇ ಅವ್ರ್ ಹೇಳಿದ್ರ್. ನಿನ್ ಅಕ್ಕನೇ ಫೋನ್ ಮಾಡಿ ಹೇಳಿದ್ಲ್ ಅಂತ."

"ಗೊತ್ತಿದ್ದೂ ಬೆಳಿಗ್ಗೆ ಇಲ್ಲಿಗೇ ಬಂದ್ಯಾ?"

"ಮತ್ತೆಲ್ಲಿಗ್ ಹೋಪುದ್? ಐದ್ ವರ್ಷದಗೆ ನಂಗೆ ಗೊತ್ತಾದ್ದ್ ಇದೊಂದೇ ಬಾಗ್ಲ್."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಹೇಳ್ರೆ ನಿಮ್ ಕೆಲ್ಸ ಹೋತ್ತ್. ನಿಮ್ ಕೆಲ್ಸ ಹೋದ್ರೆ ನನ್ ಅರ್ಜಿ ಯಾರ್ ಕಾಂಬುದ್? ನೀವಾಗೇ ಹೇಳ್ತ್ರಾ ಕಾಂಬ ಅಂತ ಸುಮ್ನೆ ಕೂತೆ." ಫೈಲನ್ನು ಬಲಗೈಯಿಂದ ಎದೆಗೆ ಒತ್ತಿಕೊಂಡು ಎದ್ದಳು. "ನೀವ್ ಹೇಳುಕೆ ನಾಲ್ಕ್ ದಿನ ಆಯ್ತ್ ಅಕ್ಕ. ಆ ನಾಲ್ಕ್ ದಿನ ನಂಗೆ ಅವ್ರ ಮೇಲ್ ಇದ್ದದ್ದಕ್ಕಿಂತ ಜಾಸ್ತಿ ಸಿಟ್ಟ್ ನಿಮ್ಮ ಮೇಲ್ ಇದ್ದಿತ್ತ್."

ಈಗ ಇದೆಯಾ ಎಂದು ಕೇಳಬೇಕೆನಿಸಿತು. ಕೇಳಿದೆ.

"ಈಗ್ಳೂ ಇತ್ತ್" ಎಂದಳು. ಮಗಳನ್ನು ಶಾಲೆಯಿಂದ ಕರೆತರುವ ಹೊತ್ತಾಯಿತೆಂದು ಹೇಳಿ ಮೆಟ್ಟಿಲಿಳಿದು ಹೋದಳು.